ಹಲಸಿನ ಹಣ್ಣಿಗೆ ದುಡ್ಡು ತಗೊಳ್ಳಿ ಮಾರಾಯ್ರೆ

ಕಳೆದ ಭಾನುವಾರ ಬೆಂಗಳೂರಿನಿಂದ ಬಂದಿದ್ದ ತಂಗಿ ಮನೆಯವರನ್ನು ಕರೆದುಕೊಂಡು ಶಿವಮೊಗ್ಗದಿಂದ ಆನಂದಪುರ ದಾಟಿ ರಿಪ್ಪನ್‌ಪೇಟೆ ಕಡೆಯ ಒಂದು ತೋಟಕ್ಕೆ ಹೋಗಿದ್ದೆ. ಪರಿಚಯದವರಿಗೆ ಪರಿಚಯದವರ ತೋಟ. ಮಕ್ಕಳಿಗೆ ಹಣ್ಣು ಮರದಲ್ಲಿ ಹೇಗಿರುತ್ತದೆ ಅಂತ ತೋರಿಸೋದು, ನಾವೇ ಒಂದಷ್ಟು ಕಿತ್ತುಕೊಂಡು ಬರೋದು, ಇಷ್ಟೇ ಉದ್ದೇಶ. ವಾಪಸ್ ಬರುವಾಗ ಕಾರಿನ ಡಿಕ್ಕಿಯಲ್ಲಿ ಎರಡು ಹಲಸಿನ ಹಣ್ಣು, ಏಳು ಅನಾನಸ್, ಒಂದು ಚೀಲ ಕಾಡುಮಾವು, ಒಂದು ದೊಡ್ಡ ಕಟ್ಟು ಬಸಳೆ, ಅರ್ಧ ಗೊನೆ ಬಾಳೆಹಣ್ಣು ಇತ್ತು. ಇಷ್ಟಕ್ಕೂ ನಾವು ಕೊಟ್ಟ ದುಡ್ಡು ಸೊನ್ನೆ.

ಖುಷಿ ಆಗಬೇಕಿತ್ತು ಅಲ್ವಾ? ತಂಗಿಗೆ ಆಯಿತು. ನನಗೆ ಆಯನೂರು ಬರುವ ತನಕ ತಲೆಯಲ್ಲಿ ಅದೇ ಕೊರೀತಾ ಇತ್ತು.

ಹೊರಡುವಾಗ ಕೇಳಿದ್ದೆ, "ಎಷ್ಟಾಯ್ತು ಹೇಳಿ ಯಜಮಾನ್ರೇ" ಅಂತ. ಅವರು ಬೇಜಾರು ಮಾಡಿಕೊಂಡವರ ಹಾಗೆ ಮುಖ ಮಾಡಿದರು. "ಎಂತ ದುಡ್ಡು ಮಾರಾಯ್ರೆ, ಮನೆಗೆ ಬಂದವರ ಹತ್ರ ಹಣ್ಣಿಗೆ ದುಡ್ಡು ತಗೊಳ್ಳೋದುಂಟಾ? ಹೇಗೂ ಕೊಳೀತದೆ."

ಹೇಗೂ ಕೊಳೀತದೆ. ಇದು ಸುಮ್ನೆ ಉಪಚಾರಕ್ಕೆ ಹೇಳಿದ ಮಾತಲ್ಲ. ಅವರ ಮನೆ ಹಿಂದೆ ಹಲಸಿನ ಮರದ ಕೆಳಗೆ ಹೋಗಿ ನಿಂತರೆ ಮೂಗು ಮುಚ್ಚಿಕೊಳ್ಳಬೇಕು, ಅಷ್ಟು ಹಣ್ಣು ಬಿದ್ದು ಒಡೆದು ನೊಣ ಮುತ್ತಿತ್ತು. ದನ ತಿಂದು ಬಿಟ್ಟಿದ್ದು, ಮಂಗ ಕಚ್ಚಿ ಎಸೆದಿದ್ದು ಬೇರೆ. ಮಲೆನಾಡಿನಲ್ಲಿ ಯಾವ ಊರಿಗೆ ಹೋದರೂ ಮೇ ಕೊನೆಯಲ್ಲಿ ಇದೇ ಕಥೆ. ಅದೇ ಹಣ್ಣಿನ ತೊಳೆ ಬಿಡಿಸಿ ಶಿವಮೊಗ್ಗದಲ್ಲಿ ಗಾಡಿಯವರು ಎಣಿಸಿ ಮಾರುತ್ತಾರೆ, ನಾವು ಕೈಕಟ್ಟಿ ನಿಂತು ತಗೊಂಡು ತಿನ್ನುತ್ತೇವೆ, ಹತ್ತಕ್ಕೆ ಒಂದು ಜಾಸ್ತಿ ಹಾಕಪ್ಪ ಅಂತ ಬೇಡಿಕೊಳ್ಳುತ್ತೇವೆ.

ನನಗೆ ಅರ್ಥ ಆಗದೇ ಇರೋದು ಇದು. ಇದೇ ಯಜಮಾನರು ಬೆಳಿಗ್ಗೆ ಎದ್ದು ಕಾಫಿ ಕುಡಿಯುವ ಮುಂಚೆ ವಾಟ್ಸಾಪಿನಲ್ಲಿ ಅಡಿಕೆ ರೇಟು, ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಎಷ್ಟು, ಗೊರಬಲು ಎಷ್ಟು ಅಂತ ನೋಡುವವರು. ಅಡಿಕೆ ವಿಷಯಕ್ಕೆ ಕ್ವಿಂಟಲ್‌ಗೆ ನೂರು ರೂಪಾಯಿ ಹೆಚ್ಚುಕಮ್ಮಿ ಆದರೂ ಮಾತಾಡದೆ ಬಿಡುವವರಲ್ಲ. ಆದರೆ ಅಡಿಕೆ ತೋಟದ ಅಂಚಿನಲ್ಲಿ, ಬೇಲಿಯಲ್ಲಿ, ಹಿತ್ತಲಲ್ಲಿ ಬೆಳೆಯುವುದಕ್ಕೆ ಮಾತ್ರ ರೇಟೇ ಇಲ್ಲ. ಹಲಸು, ಮಾವು, ಪೇರಲೆ, ಚಕ್ಕೋತ, ಬಾಳೆ, ಎಲ್ಲ 'ಹೇಗೂ ಇರ್ತದೆ' ಲೆಕ್ಕದಲ್ಲಿ ಹೋಗುತ್ತದೆ. ಈಗ ಕೊಳೆರೋಗ, ಎಲೆಚುಕ್ಕಿ ರೋಗ ಅಂತ ಅಡಿಕೆಯೇ ಅಲುಗಾಡುತ್ತಿರುವಾಗ ಈ ಉಳಿದ ಹಣ್ಣಿನ ಕಡೆ ಒಮ್ಮೆ ತಿರುಗಿ ನೋಡಬಾರದಾ?

ಇನ್ನೊಂದು ಮಜಾ ಹೇಳುತ್ತೇನೆ. ಆ ಮನೆಯಲ್ಲಿ ಒಬ್ಬರು ದುಡ್ಡು ತಗೊಂಡರು. ಅಮ್ಮ, ಅಂದರೆ ಯಜಮಾನರ ಹೆಂಡತಿ. ನಾವು ಹೋದ ಕೂಡಲೇ ಮುರುಗಲು ಪಾನಕ ಕೊಟ್ಟವರು ಅವರೇ, ಊಟಕ್ಕೆ ನಿಲ್ಲಿಸಿಕೊಂಡವರೂ ಅವರೇ. ತಂಗಿ ಹಲಸಿನ ಹಪ್ಪಳ ನೋಡಿ ಕೇಳಿದಾಗ ಮಾತ್ರ ಒಂದು ಕ್ಷಣವೂ ಯೋಚನೆ ಮಾಡದೆ "ನೂರು ಹಪ್ಪಳಕ್ಕೆ ಮುನ್ನೂರು" ಅಂದರು. ಯಜಮಾನರು "ಹೇ, ಸುಮ್ನೆ ಕೊಡೆ" ಅಂದರೆ, "ನಿಮಗೆ ಗೊತ್ತಿಲ್ಲ ಸುಮ್ನಿರಿ, ಬಲಿತ ಕಾಯಿ ಕೊಯ್ಸಿ, ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ, ಕಾಗೆ ಕಾದು ಒಣಗಿಸಿದ್ದು ನಾನು" ಅಂದುಬಿಟ್ಟರು. ನನಗೆ ಎದ್ದು ಕೈ ಮುಗಿಯೋಣ ಅನ್ನಿಸಿತು. ನಮ್ಮ ತಂಗಿ ಏನು ಮಾಡಿದಳು ಗೊತ್ತಾ? ಡಿಕ್ಕಿ ತುಂಬ ಪುಕ್ಕಟೆ ಹಣ್ಣು ಇಟ್ಟುಕೊಂಡು, "ಇನ್ನೂರೈವತ್ತಕ್ಕೆ ಬರಲ್ವಾ ಅಮ್ಮ" ಅಂತ ಚೌಕಾಸಿ ಮಾಡಿದಳು. ಅವಳು ಇದನ್ನು ಓದುತ್ತಾಳೆ, ಓದಲಿ.

ಹಪ್ಪಳದಲ್ಲಿ ಕೆಲಸ ಇದೆ, ಹಣ್ಣಿನಲ್ಲಿ ಇಲ್ಲ ಅಂತ ಯಾರು ಹೇಳಿದ್ದು? ಅವತ್ತು ಯಜಮಾನರ ಹಿಂದೆ ಮೂರು ಗಂಟೆ ಓಡಾಡಿದ ಮೇಲೆ ನನಗೆ ಗೊತ್ತಾಗಿದ್ದು, ಹಣ್ಣು ಕೀಳುವುದೇ ಒಂದು ವಿದ್ಯೆ. ಮೊದಲು ಹಲಸು. ಮರದಲ್ಲಿ ಹತ್ತಾರು ಕಾಯಿ ನೇತಾಡುತ್ತಿವೆ, ಯಾವುದು ಬಲಿತಿದೆ ಅಂತ ನಮಗೇನು ಗೊತ್ತು? ಅವರು ಕತ್ತಿಯ ಹಿಂಬದಿಯಿಂದ ತಟ್ಟಿ ಸದ್ದು ಕೇಳುತ್ತಾರೆ, ಮುಳ್ಳು ಅಗಲ ಆಗಿ ಚಪ್ಪಟೆ ಆಗಿದೆಯಾ ನೋಡುತ್ತಾರೆ. ಆಮೇಲೆ ಹಗ್ಗ ಕಟ್ಟಿ ನಿಧಾನ ಇಳಿಸುತ್ತಾರೆ, ಬೀಳಿಸುವ ಹಾಗಿಲ್ಲ. ಅವರ ಮನೆಯಲ್ಲಿ ಗಟ್ಟಿ ತೊಳೆಯ ಬಕ್ಕೆ ಮರ ಎರಡು, ಮೆತ್ತಗಿನ ಅಂಬಲಿ ಹಣ್ಣಿನ ಮರ ಐದಾರು. ಪೇಟೆಯವರಿಗೆ ಬಕ್ಕೆಯೇ ಬೇಕು, ಅಂಬಲಿ ಹಣ್ಣು ಕಡುಬಿಗೆ ಎಷ್ಟು ಚಂದ ಅಂತ ನಿಮಗೆ ಗೊತ್ತೇ ಇಲ್ಲ ಅಂತ ನಮಗೊಂದು ಪಾಠ ಬೇರೆ ಆಯಿತು. ಜೋರು ಮಳೆ ಹಿಡಿದ ಮೇಲೆ ಬರಬೇಡಿ, ಹಣ್ಣೆಲ್ಲ ನೀರು ನೀರು ಅಂತಲೂ ಅಂದರು.

ಅನಾನಸ್ ವಿಷಯದಲ್ಲಂತೂ ನಾನು ಇಷ್ಟು ದಿನ ಮೋಸ ಹೋಗಿದ್ದೆ ಅಂತಲೇ ಅನ್ನಿಸಿತು. ತಂಗಿ ಮಗ ಒಂದು ಹಸಿರು ಹಣ್ಣಿಗೆ ಕೈ ಹಾಕಿದ, ಮನೆಗೆ ಹೋಗಿ ಇಟ್ಟರೆ ಹಣ್ಣಾಗುತ್ತೆ ಅಂತ. ಯಜಮಾನರು ಬಿಡಲಿಲ್ಲ. ಮಾವು, ಬಾಳೆ, ಹಲಸು ಕಿತ್ತ ಮೇಲೂ ಹಣ್ಣಾಗುತ್ತವೆ. ಅನಾನಸ್ ಹಾಗಲ್ಲ, ಗಿಡದಲ್ಲಿ ಎಷ್ಟು ಸಿಹಿ ಬಂದಿದೆಯೋ ಅಷ್ಟೇ, ಕೊಯ್ದ ಮೇಲೆ ಬಣ್ಣ ತಿರುಗಬಹುದು, ಮೆತ್ತಗಾಗಬಹುದು, ಸಿಹಿ ಮಾತ್ರ ಜಾಸ್ತಿ ಆಗಲ್ಲ. ಸಾಗರ, ಸೊರಬದ ಕಡೆಯಿಂದ ಲಾರಿಯಲ್ಲಿ ದೂರದ ಊರಿಗೆ ಹೋಗುವ ಹಣ್ಣನ್ನು ದಾರಿಯಲ್ಲಿ ಕೆಡಬಾರದು ಅಂತ ಮೊದಲೇ ಕೊಯ್ಯಬೇಕಾಗುತ್ತದೆ. ಅಂಥ ಹಣ್ಣನ್ನೇ ನಾವು ಪೇಟೆಯಲ್ಲಿ ತಗೊಂಡು, ಉಪ್ಪು ಖಾರ ಸವರಿ, ಅನಾನಸ್ ಅಂದರೆ ಹುಳಿ ಅಂದುಕೊಂಡಿದ್ದೇವೆ. ಬುಡದಿಂದ ಅರ್ಧದ ತನಕ ಹಳದಿ ತಿರುಗಿದ ಹಣ್ಣನ್ನು ಅವರು ಅಲ್ಲೇ ಕತ್ತರಿಸಿ ಕೊಟ್ಟರು. ಬಿಸಿಲಿಗೆ ಹಣ್ಣು ಬೆಚ್ಚಗಿತ್ತು, ರಸ ಮೊಣಕೈ ತನಕ ಇಳಿಯಿತು. ಅದಾದ ಮೇಲೆ ಯಾರೂ ಹತ್ತು ನಿಮಿಷ ಮಾತಾಡಲಿಲ್ಲ.

ಅದಕ್ಕೇ ಹೇಳಿದ್ದು, ಇದಕ್ಕೆಲ್ಲ ಬೆಲೆ ಇದೆ. ನಾವು ಕೊಡುವುದು ಬರೀ ಹಣ್ಣಿನ ತೂಕಕ್ಕಲ್ಲ. ಭಾನುವಾರ ಬೆಳಿಗ್ಗೆ ಅವರು ನಮ್ಮ ಜೊತೆ ಕಳೆದ ಮೂರು ಗಂಟೆ ಹೊತ್ತಿಗೂ ಕೊಡಬೇಕು.

ಹಾಗಂತ ಎಲ್ಲರೂ ನಾಳೆಯಿಂದ ಗೇಟಿಗೆ ಬೋರ್ಡು ಹಾಕಿ, ಸೆಲ್ಫಿ ತೆಗೆಯೋಕೆ ಒಂದು ಉಯ್ಯಾಲೆ ಕಟ್ಟಿ ಕೂರಲಿ ಅಂತ ನಾನು ಹೇಳುತ್ತಿಲ್ಲ. ಅಂಥದ್ದು ಈಗಾಗಲೇ ಜಾಸ್ತಿ ಆಗಿದೆ. ಮತ್ತೆ, ನಾವು ಹೋಗುವವರೂ ಸರಿ ಇಲ್ಲ. ತೀರ್ಥಹಳ್ಳಿ ಕಡೆಯ ನನ್ನ ಪರಿಚಯದವರೊಬ್ಬರು ಎರಡು ವರ್ಷದ ಹಿಂದೆ ರಂಬುಟಾನ್ ಹಣ್ಣನ್ನು ನೀವೇ ಕಿತ್ತುಕೊಳ್ಳಿ ಅಂತ ಬಿಟ್ಟಿದ್ದರು. ಬಂದವರು ಹೊಟ್ಟೆ ತುಂಬ ತಿಂದು, ಕಾಲು ಕೆಜಿ ತೂಕ ಹಾಕಿಸಿಕೊಂಡು ಹೋದರು. ಅದನ್ನಾದರೂ ಸಹಿಸಬಹುದು. ಗೊಂಚಲು ಕತ್ತರಿಸುವ ಬದಲು ಕೊಂಬೆ ಎಳೆದು ಸಿಗಿದರು, ಇನ್ನೂ ಕೆಂಪಾಗದ ಕಾಯಿ ಕಿತ್ತು ಹುಳಿ ಅಂತ ಎಸೆದರು. ರಂಬುಟಾನ್ ಕೂಡ ಅನಾನಸ್ ಹಾಗೇ, ಕಿತ್ತ ಮೇಲೆ ಹಣ್ಣಾಗಲ್ಲ. ಮೂರನೇ ವಾರಕ್ಕೆ ಅವರು ಗೇಟಿಗೆ ಬೀಗ ಹಾಕಿದರು.

ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿ, ಅಪ್ಪೆಮಿಡಿಗೆ ಆಗಿದ್ದೂ ಇದೇ ಅಲ್ವಾ. ಹೊಳೆ ದಂಡೆಯ ಹಳೇ ಮರಗಳಲ್ಲಿ ಮಿಡಿಯನ್ನು ತೊಟ್ಟು ಸಮೇತ, ನೆಲಕ್ಕೆ ಬೀಳದ ಹಾಗೆ ಕೊಯ್ಯಬೇಕು, ಪೆಟ್ಟು ಬಿದ್ದ ಒಂದು ಮಿಡಿ ಇಡೀ ಭರಣಿ ಕೆಡಿಸುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಕೊಂಬೆಯನ್ನೇ ಕಡಿದು ಕೆಳಗೆ ಕೂತು ಬಿಡಿಸಿಕೊಂಡರು. ಮರವೂ ಹೋಯಿತು, ಮಿಡಿಯೂ ಹೋಯಿತು. ಯಾರದ್ದೂ ಅಲ್ಲದ ಮರ, ದುಡ್ಡು ಕೊಡದ ಮಿಡಿ, ಯಾಕೆ ಜೋಪಾನ ಮಾಡಬೇಕು ಅನ್ನೋ ಬುದ್ಧಿ. ಪುಕ್ಕಟೆ ಸಿಕ್ಕಿದ್ದನ್ನು ನಾವು ಹೀಗೇ ನೋಡಿಕೊಳ್ಳುವುದು. ನನ್ನ ಡಿಕ್ಕಿಯಲ್ಲಿದ್ದ ಎರಡನೇ ಹಲಸಿನ ಹಣ್ಣು ಬುಧವಾರ ಏನಾಯಿತು ಅಂತ ಕೇಳಬೇಡಿ. ದುಡ್ಡು ಕೊಟ್ಟು ತಂದಿದ್ದರೆ ಪಕ್ಕದ ಮನೆಗಾದರೂ ಹಂಚುತ್ತಿದ್ದೆ.

ತರಕಾರಿ ತರೋಕೆ ಅಂತ ಮಾತ್ರ ಮಲೆನಾಡಿಗೆ ಹೋಗುವವರು ಸ್ವಲ್ಪ ತಡೀರಿ. ಮಂಗನ ಕಾಟಕ್ಕೆ ಅಲ್ಲಿ ಎಷ್ಟೋ ಮನೆಯವರು ತರಕಾರಿ ಬೆಳೆಯೋದನ್ನೇ ಬಿಟ್ಟಿದ್ದಾರೆ, ಪೇಟೆಯಿಂದ ಬರುವ ಟೆಂಪೋಗೆ ಕಾಯುತ್ತಾರೆ. ಮನೆ ಎದುರಿನ ಚಪ್ಪರದ ಬಸಳೆ, ಹಿತ್ತಲ ಹರಿವೆ ಸಿಕ್ಕರೆ ಪುಣ್ಯ. ಮಳೆಗಾಲದಲ್ಲಿ ಸೌತೆ, ಹೀರೆ ಸಿಗಬಹುದು, ಆದರೆ ಅವಾಗ ಇಂಬಳವೂ, ಅಂದರೆ ಜಿಗಣೆಯೂ ಸಿಗುತ್ತದೆ.

ಇಂಬಳ ರಕ್ತ ಕುಡಿದು ಬಿಡುತ್ತದೆ, ಅಷ್ಟೇ. ಹೆದರಬೇಕಾಗಿದ್ದು ಉಣುಗಿಗೆ, ಅಂದರೆ ದನದ ಮೈಗೆ ಅಂಟುವ ಉಣ್ಣೆಗೆ. ಮಂಗನ ಕಾಯಿಲೆ ಹರಡೋದು ಅದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಕಾಡುತ್ತದೆ. ಕಾಡಿನ ಅಂಚಿನ ತೋಟ ಆದರೆ ಹೊರಡುವ ಮುಂಚೆ ಫೋನ್ ಮಾಡಿ, ಅಲ್ಲಿ ಎಲ್ಲಾದರೂ ಈ ಕಾಯಿಲೆಗೆ ಮಂಗ ಸತ್ತಿದೆಯಾ ಅಂತ ಕೇಳಿ. ತುಂಬು ತೋಳಿನ ಅಂಗಿ, ಪೂರ್ತಿ ಪ್ಯಾಂಟು ಹಾಕಿ, ದರಗೆಲೆ ಮೇಲೆ ಕೂರಬೇಡಿ, ಮನೆಗೆ ಬಂದು ಮಕ್ಕಳ ಮೈಯೆಲ್ಲ ನೋಡಿ ಬಿಸಿನೀರಲ್ಲಿ ಸ್ನಾನ ಮಾಡಿಸಿ. ಇದನ್ನು ಊರಿನವರು ಹೇಳಲ್ಲ, ನೆಂಟರನ್ನು ಹೆದರಿಸಿದ ಹಾಗೆ ಆಗುತ್ತದೆ ಅಂತ ಸುಮ್ಮನಿರುತ್ತಾರೆ.

ಸೋಮವಾರ ಯಜಮಾನರಿಗೆ ಫೋನ್ ಮಾಡಿದೆ. ಹಣ್ಣಿನ ದುಡ್ಡು ಕಳಿಸುತ್ತೇನೆ, ಫೋನ್‌ಪೇ ನಂಬರ್ ಕೊಡಿ ಅಂದೆ. ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡಿದರು, ನೆಟ್‌ವರ್ಕ್ ಚೆನ್ನಾಗೇ ಇತ್ತು. ಮತ್ತೆ ಮಾಡಿದಾಗ ಎತ್ತಿದ್ದು ಅಮ್ಮ. ಅನಾನಸ್ ಕೆಜಿಗೆ ಎಷ್ಟು ಅಂತ ನೀವೇ ಹೇಳಿಬಿಡಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, "ಇವರ ಎದುರು ಬೇಡ. ಈ ಭಾನುವಾರ ಬರ್ತೀರಲ್ಲ, ಆವಾಗ ಮಾತಾಡುವ. ನಮ್ಮಲ್ಲಿ ಇರೋದು ಅಡಿಕೆ ತೂಗೋ ದೊಡ್ಡ ತಕ್ಕಡಿ ಮಾತ್ರ" ಅಂದರು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಕೊಕ್ಕೆ ತಕ್ಕಡಿ ತಗೊಂಡಿದ್ದೇನೆ. ಕಾರಿನಲ್ಲೇ ಇಟ್ಟಿದ್ದೇನೆ.