ಬೆಂಗಳೂರಿನಿಂದ ಬೆಂಗಳೂರಿಗೆ

ಗೌರಿ ಹಬ್ಬ ಹತ್ತಿರ ಬಂತು ಅಂದರೆ ಆಫೀಸಿನಲ್ಲಿ ಒಂದೇ ಪ್ರಶ್ನೆ: "ಊರಿಗೆ ಯಾವಾಗ ಹೊರಡ್ತೀರಿ?" ನಮ್ಮೂರು ಬೆಂಗಳೂರೇ ಅಂದರೆ ಯಾರೂ ನಂಬುವುದಿಲ್ಲ. "ಅದು ಸರಿ, ಒರಿಜಿನಲ್ ಊರು ಯಾವುದು?" ಅಂತ ಮತ್ತೆ ಕೇಳುತ್ತಾರೆ, ನಾವೇನೋ ಮುಚ್ಚಿಡುತ್ತಿದ್ದೇವೆ ಅನ್ನೋ ಹಾಗೆ. ಹಾಸನದವರು ಹೋಗಿ ತೆಂಗಿನಕಾಯಿ ತರುತ್ತಾರೆ. ಶಿರಸಿಯವರು ಅಪ್ಪೆಮಿಡಿ ಉಪ್ಪಿನಕಾಯಿ ತರುತ್ತಾರೆ. ನಾವು ಅವರೆಲ್ಲ ವಾಪಸ್ ಬರುವವರೆಗೆ ಖಾಲಿ ರಸ್ತೆಯಲ್ಲಿ ಸ್ಕೂಟರ್ ಓಡಿಸಿ ಖುಷಿಪಡುತ್ತೇವೆ.

ಈ ಸಲ ಅಮೆರಿಕದಿಂದ ಬಂದ ಅಣ್ಣನ ಮಗಳೂ ಅದನ್ನೇ ಕೇಳಿದಳು. ಅವಳ ಸ್ಕೂಲಿನಲ್ಲಿ ವಂಶವೃಕ್ಷದ ಪ್ರಾಜೆಕ್ಟ್ ಕೊಟ್ಟಿದ್ದಾರಂತೆ. ಮುತ್ತಾತನ ಮನೆಯ ಫೋಟೋ ಬೇಕಂತೆ. ಮೈಸೂರಿನಿಂದ ಬಂದಿದ್ದ ಅತ್ತೆ, ಅಂದರೆ ಅಪ್ಪನ ಅಕ್ಕ, ಸೊಂಟನೋವು ಮರೆತು ಎದ್ದು ಕೂತರು. "ಕಾಟನ್‌ಪೇಟೆ ವಠಾರ ತೋರಿಸಿದ್ರಾಯ್ತು. ನಾನೂ ಬರ್ತೀನಿ." ಅವರು ಬರುತ್ತಾರೆ ಅಂದಮೇಲೆ ಯಲಹಂಕದ ಚಿಕ್ಕಪ್ಪ ಬರದಿದ್ದರೆ ಆಗುತ್ತಾ? ವಿಜಯನಗರದ ಚಿಕ್ಕಮ್ಮನಿಗೆ ಹೇಳದಿದ್ದರೆ ಉಳಿಗಾಲವಿದೆಯಾ? ಕೊನೆಗೆ ಒಂದು ಟೆಂಪೋ ಟ್ರಾವೆಲರ್ ಗೊತ್ತಾಯಿತು. ಮೆಟ್ರೋದಲ್ಲಿ ಹೋಗಬಹುದಲ್ವಾ ಅಂತ ಹುಡುಗಿ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಪುಳಿಯೋಗರೆ ಡಬ್ಬಿ, ಚಪಾತಿ, ಜಮಖಾನ, ನೀರಿನ ಕ್ಯಾನು ಎಲ್ಲ ಹೇಗೆ ಹೋಗುತ್ತೆ ಮೆಟ್ರೋದಲ್ಲಿ? ಜೆ.ಪಿ. ನಗರದಿಂದ ಕಾಟನ್‌ಪೇಟೆಗೆ ಹೊರಟ ಅತ್ತೆ ವಾಂತಿ ಮಾತ್ರೆಯನ್ನೂ ನುಂಗಿದ್ದರು.

ಬಂಧುಗಳೆಲ್ಲ ಒಂದೇ ಊರಿನಲ್ಲಿದ್ದೇವೆ ಅನ್ನೋದು ಸುಮ್ನೆ ಹೇಳಿಕೊಳ್ಳೋಕೆ. ಮದುವೆ, ತಿಥಿ ಬಿಟ್ಟರೆ ಭೇಟಿಯೇ ಇಲ್ಲ. ಚಿಕ್ಕಪ್ಪ ಯಲಹಂಕದಿಂದ ನಮ್ಮ ಮನೆ ಮುಟ್ಟುವಷ್ಟರಲ್ಲಿ ಅತ್ತೆ ಮೈಸೂರಿಗೆ ಹೋಗಿ ಸ್ನಾನ ಮಾಡಿಕೊಂಡು ಬರಬಹುದಿತ್ತು.

ಗಾಡಿ ಹೊರಟ ಮೇಲೆ ಅತ್ತೆ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ದಾರಿ ಹೇಳತೊಡಗಿದರು.

"ಮಿನರ್ವ ಟಾಕೀಸ್ ಬಂತಾ ನೋಡಪ್ಪ."

"ಸರ್ಕಲ್ ಬಂತಮ್ಮ. ಟಾಕೀಸ್ ಇಲ್ಲ."

ಡ್ರೈವರ್‌ದೇನು ತಪ್ಪು? ಈ ಊರಿನ ಪದ್ಧತಿಯೇ ಹಾಗೆ. ಮಿನರ್ವ ಹೋಗಿ ಸರ್ಕಲ್ ಉಳಿದಿದೆ. ಮೆಜೆಸ್ಟಿಕ್ ಅನ್ನೋ ಥಿಯೇಟರ್ ಹೋಗಿ ಇಡೀ ಏರಿಯಾಗೆ ಆ ಹೆಸರು ಉಳಿದಿದೆ. ಅಲ್ಲಿನ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯಲ್ಲಿ. ನಮ್ಮ ಹಿರಿಯರ ಜೊತೆ ಹೊರಟರೆ, ಇಲ್ಲದ್ದನ್ನು ನೋಡಿಕೊಂಡು ಎಡಕ್ಕೆ ತಿರುಗಬೇಕು. ಡ್ರೈವರ್ ಮೊಬೈಲಿನ ಮ್ಯಾಪ್ ಹೇಳಿದ ಕಡೆ ತಿರುಗಿದಾಗಲೆಲ್ಲ ಅತ್ತೆ ನಿಟ್ಟುಸಿರು ಬಿಡುತ್ತಿದ್ದರು.

ಟೌನ್ ಹಾಲ್ ಹತ್ತಿರ ಗಾಡಿ ನಿಂತೇಬಿಟ್ಟಿತು. ಪುಳಿಯೋಗರೆ ಡಬ್ಬಿ ಅಲ್ಲೇ ತೆರೆಯಿತು. ಚಿಕ್ಕಪ್ಪ ಇತಿಹಾಸ ಶುರುಮಾಡಿದರು. 1537ರಲ್ಲಿ ಕೆಂಪೇಗೌಡರು ದೊಡ್ಡಪೇಟೆ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೊಡೆಸಿ ಪೇಟೆಯ ಬೀದಿಗಳನ್ನು ಗುರುತು ಮಾಡಿಸಿದರು ಅಂತ ಕತೆಯಿದೆ. ಅದು ಎಲ್ಲರಿಗೂ ಗೊತ್ತು. ಆ ನಾಲ್ಕರಲ್ಲಿ ಒಂದು ಜೋಡಿ ಎತ್ತು ನಮ್ಮ ಮನೆಯದು ಅನ್ನೋದು ಮಾತ್ರ ಅವತ್ತೇ ಗೊತ್ತಾಗಿದ್ದು. ಹುಡುಗಿ ಬರೆದುಕೊಳ್ಳುತ್ತಾ "ಎತ್ತು ಯಾವ ಕಲರ್?" ಅಂದಳು. ಚಿಕ್ಕಪ್ಪ ಒಂದು ತುತ್ತು ನುಂಗಿ, "ಬಿಳಿ" ಅಂದರು.

ಅತ್ತೆಗೆ ಅಷ್ಟು ಹಿಂದಕ್ಕೆ ಹೋಗುವ ಅಗತ್ಯವಿರಲಿಲ್ಲ. ಅವರ ನೆನಪಿನಲ್ಲಿ ಇದ್ದದ್ದು ಎಂಟು ಮನೆ, ಒಂದು ನಲ್ಲಿ. ಚೈತ್ರದ ಹುಣ್ಣಿಮೆ ರಾತ್ರಿ ವಠಾರದವರೆಲ್ಲ ನಿದ್ದೆಗೆಟ್ಟು ಕರಗ ನೋಡಲು ಕಾಯುತ್ತಿದ್ದದ್ದು. ಧರ್ಮರಾಯನ ಗುಡಿಯಿಂದ ಹೊರಟ ಕರಗ ಮಸ್ತಾನ್ ಸಾಬರ ದರ್ಗಾಗೆ ಬರುವ ಹೊತ್ತಿಗೆ ಮಲ್ಲಿಗೆ ವಾಸನೆ ಮುಂಚೆಯೇ ಬಂದು ಮುಟ್ಟುತ್ತಿತ್ತಂತೆ. ಇದನ್ನು ಹೇಳುವಾಗ ಗಾಡಿಯಲ್ಲಿ ಯಾರೂ ಮಧ್ಯೆ ಬಾಯಿ ಹಾಕಲಿಲ್ಲ. ನಮ್ಮ ಮನೆಯಲ್ಲಿ ಅದು ಅಪರೂಪ.

ಕಾಟನ್‌ಪೇಟೆಯ ಓಣಿಗೆ ಗಾಡಿ ಹೋಗಲಿಲ್ಲ. ನಡೆದೆವು. ಅಪ್ಪ ಎಡಗಡೆ ಅಂದರು, ಅತ್ತೆ ಬಲಗಡೆ ಅಂದರು. ಹಿಟ್ಟಿನ ಗಿರಣಿ ಇತ್ತು, ಇರಲಿಲ್ಲ ಅಂತ ಅಕ್ಕ ತಮ್ಮ ರಸ್ತೆ ಮಧ್ಯೆ ನಿಂತು ವಾದ ಮಾಡುವಾಗ ಕೈಗಾಡಿಯವನೊಬ್ಬ "ಸೈಡು, ಸೈಡು" ಅಂತ ಇಬ್ಬರನ್ನೂ ಎಡಕ್ಕೇ ತಳ್ಳಿದ. ಅಲ್ಲೇ ಇತ್ತು. ಈಗ ಪ್ಲಾಸ್ಟಿಕ್ ಬಕೆಟ್ ಗೋಡೌನು.

ಅತ್ತೆ ಬಾಗಿಲಲ್ಲಿ ನಿಂತು ಕೈಚಾಚಿ, "ಇದೇ ಕಣೆ ನಮ್ಮನೆ!" ಅಂತ ಜೋರಾಗಿ ಹೇಳಿದರು. ಹೇಳಬಾರದಿತ್ತು. ಬೆಂಗಳೂರಿನಲ್ಲಿ ಯಾರದೋ ಕಟ್ಟಡದ ಮುಂದೆ ಹತ್ತು ಜನ ನಿಂತು, ಒಬ್ಬರು ಫೋಟೋ ತೆಗೆದು, ಒಬ್ಬರು ಬರೆದುಕೊಂಡು, ವಯಸ್ಸಾದವರೊಬ್ಬರು ಇದು ನಮ್ಮ ಮನೆ ಅಂದರೆ ಅದಕ್ಕೆ ಒಂದೇ ಅರ್ಥ. ಗಲ್ಲಾದಲ್ಲಿದ್ದ ಮಾಲೀಕರ ಮುಖ ಬಿಳಿಚಿತು. "ಖಾತೆ ನಮ್ಮ ಹೆಸರಲ್ಲೇ ಇದೆ. ಟ್ಯಾಕ್ಸ್ ಕಟ್ಟಿದ್ದೀನಿ. ಲಾಯರ್‌ಗೆ ಫೋನ್ ಮಾಡ್ತೀನಿ, ಕೂತ್ಕೊಳ್ಳಿ" ಅಂದರು. ನಾವು ಬರೀ ಬಾಡಿಗೆಗೆ ಇದ್ದವರು ಅಂತ ಅಪ್ಪ ಆಣೆ ಪ್ರಮಾಣ ಮಾಡಬೇಕಾಯಿತು. ಆಮೇಲೆ ಎಲ್ಲರಿಗೂ ಬಾದಾಮಿ ಹಾಲು ಬಂತು.

ಹಿಂದಿನ ಅಂಗಳದಲ್ಲಿ, ಬಕೆಟ್ ರಾಶಿಯ ಮರೆಯಲ್ಲಿ, ಒಂದು ಒರಳು ಕಲ್ಲು ಬಿದ್ದಿತ್ತು. ಗುಂಡು ಇರಲಿಲ್ಲ. ಗುಳಿಯಲ್ಲಿ ಮಳೆನೀರು, ಎರಡು ಬೀಡಿ ತುಂಡು. ಅತ್ತೆ ಬಗ್ಗಿ ಸೆರಗಿನಲ್ಲಿ ಒರೆಸಿದರು. "ನಮ್ಮಮ್ಮ ರುಬ್ಬಿದ ಕಲ್ಲು." ಮಾಲೀಕರಿಗೂ ಮನಸ್ಸು ಕರಗಿತು. "ತಗೊಂಡು ಹೋಗಿ ಅಮ್ಮ, ದುಡ್ಡೇನೂ ಬೇಡ." ಇಬ್ಬರು ಹಮಾಲಿಗಳು ಕೈಗಾಡಿ ತಂದರು. ಡ್ರೈವರ್, ಸಸ್ಪೆನ್ಷನ್ ಹೋದರೆ ಯಾರು ಕೊಡ್ತಾರೆ ಅಂತ ಕೂಗಾಡಿದ. ಚಿಕ್ಕಪ್ಪ ಚೌಕಾಸಿ ಮಾಡಿದರು. ಕಲ್ಲು ಟೆಂಪೋದ ಮೆಟ್ಟಿಲವರೆಗೂ ಬಂತು.

ಆಗ ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಕ್ಕ, ನಮ್ಮದನ್ನ ಮನೆ ಖಾಲಿ ಮಾಡುವಾಗಲೇ ತಂದೆವಲ್ಲ. ಹಿತ್ತಲಲ್ಲಿ ಇದೆ. ಇದರ ಅಂಚು ಒಡೆದಿದೆ ನೋಡು. ಇದು ಮೂರನೇ ಮನೆಯವರದ್ದು."

ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು. ಮೂರನೇ ಮನೆಯಾಕೆ ನಲ್ಲಿ ಹತ್ತಿರ ನಮ್ಮಜ್ಜಿಯ ಕೊಡ ಸರಿಸಿ ತನ್ನ ಕೊಡ ಇಡುತ್ತಿದ್ದವರು. ಅತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಬಿಟ್ಟಿರಲಿಲ್ಲವಂತೆ.

ಕಲ್ಲು ಅದೇ ಕೈಗಾಡಿಯಲ್ಲಿ ವಾಪಸ್ ಹೋಯಿತು. ಹಮಾಲಿಗಳು ಎರಡೂ ಕಡೆಯ ಕೂಲಿ ತಗೊಂಡರು. ಅತ್ತೆ ಗಾಡಿ ಹತ್ತಿದವರು ಮತ್ತೆ ಇಳಿದು, ಸೊಂಟ ಹಿಡಿದುಕೊಂಡು ಗೋಡೌನಿನವರೆಗೂ ನಡೆದು ಹೋಗಿ ಮಾಲೀಕರಿಗೆ ಹೇಳಿದರು: "ಆ ಮನೆಯವರು ಯಾರಾದ್ರೂ ಹುಡುಕಿಕೊಂಡು ಬಂದ್ರೆ, ಕಲ್ಲು ಇಲ್ಲ ಅಂದುಬಿಡಿ."