ಅಣಬೆ ಸರಿ, ಪಕ್ಕದಲ್ಲಿ ಕೂರುವವರು ಯಾರು?

ನಿನ್ನೆ ಸಂಜೆ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಆಹ್ವಾನಪತ್ರ ಬಂತು. ಘಟ್ಟದ ಮೇಲಿನ ಯಾವುದೋ ಹೋಂಸ್ಟೇಯಲ್ಲಿ ವಾರಾಂತ್ಯದ ಶಿಬಿರ. ‘ಪ್ರಾಚೀನ ಅಣಬೆ’ಯ, ಅಂದರೆ ತಿಂದರೆ ಭ್ರಮೆ ತರಿಸುವ ಅಣಬೆಯ, ನೆರವಿನಿಂದ ಬಾಲ್ಯದ ಆಘಾತ, ಖಿನ್ನತೆ, ಮುರಿದ ಸಂಬಂಧ ಎಲ್ಲಕ್ಕೂ ಎರಡೇ ರಾತ್ರಿಯಲ್ಲಿ ಪರಿಹಾರವಂತೆ. ಕಳಿಸಿದವನು ನನ್ನ ಅಕ್ಕನ ಮಗ. ಕೆಳಗೆ ಒಂದು ಸಾಲು: ‘ಚಿಕ್ಕಮ್ಮ, ಇದು ನಿಮ್ಮ ಕ್ಷೇತ್ರವೇ ಅಲ್ಲವೇ, ಹೇಗಿದೆ ಹೇಳಿ.’

ಹೇಳುತ್ತೇನೆ. ಗುಂಪಿನಲ್ಲಿ ಹೇಳಿದರೆ ಜಗಳವಾಗುತ್ತದೆ, ಆದ್ದರಿಂದ ಇಲ್ಲಿ.

ಮೊದಲು ಆ ನೋಂದಣಿ ಅರ್ಜಿಯನ್ನು ತೆರೆದು ನೋಡಿದೆ. ಹೆಸರು, ವಯಸ್ಸು, ಸಸ್ಯಾಹಾರವೋ ಜೈನ ಆಹಾರವೋ, ಯೋಗದ ಚಾಪೆ ತರುತ್ತೀರೋ ಇಲ್ಲವೋ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್‌ನಂಥ ತೀವ್ರ ಮನೋರೋಗ ಇತ್ತೇ ಎಂಬ ಪ್ರಶ್ನೆ ಇಲ್ಲ. ಈಗ ಯಾವ ಗುಳಿಗೆ ನುಂಗುತ್ತಿದ್ದೀರಿ ಎಂಬ ಪ್ರಶ್ನೆಯೂ ಇಲ್ಲ. ರಾತ್ರಿಯಿಡೀ ನಿಮ್ಮ ಪಕ್ಕದಲ್ಲಿ ಇರುವವರು ಯಾರು, ಅವರು ಏನು ಕಲಿತಿದ್ದಾರೆ ಎಂಬ ಮಾಹಿತಿಯಂತೂ ಇಲ್ಲವೇ ಇಲ್ಲ. ಜೈನ ಆಹಾರದ ಬಗ್ಗೆ ಇಷ್ಟು ಕಾಳಜಿ ಇರುವವರು ತಲೆಯ ಬಗ್ಗೆಯೂ ಒಂದಿಷ್ಟು ವಿಚಾರಿಸಬಹುದಿತ್ತು. (1985ರ ಮಾದಕವಸ್ತು ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಸೈಲೋಸಿಬಿನ್, ಅಂದರೆ ಆ ಅಣಬೆಯಲ್ಲಿರುವ ಭ್ರಮೆ ತರಿಸುವ ಅಂಶ, ಇಟ್ಟುಕೊಳ್ಳುವುದೇ ಅಪರಾಧ ಎಂಬುದನ್ನೂ ಅವರು ಬರೆದಿಲ್ಲ. ಅದನ್ನು ಯಾರು ತಾನೇ ಬರೆಯುತ್ತಾರೆ!)

ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ನಾನು ಬಹಳ ಕಾಲ ಇದ್ದವಳು. ಹಾಗೆಂದು ಹೊಸದನ್ನು ಕಂಡರೆ ಮೂಗು ಮುರಿಯುವ ನಿವೃತ್ತ ಮುದುಕಿ ಎಂದುಕೊಳ್ಳಬೇಡಿ. ಸೈಲೋಸಿಬಿನ್‌ನಂಥ ಈ ಔಷಧಗಳ ಬಗ್ಗೆ ನನಗೆ ಕುತೂಹಲವಿದೆ. ತಕರಾರು ಇರುವುದು ಒಂದೇ ವಿಷಯಕ್ಕೆ: ಎಲ್ಲರೂ ಅಣಬೆಯ ಬಗ್ಗೆ, ಗುಳಿಗೆಯ ಬಗ್ಗೆ ಮಾತನಾಡುತ್ತಾರೆ. ಪಕ್ಕದಲ್ಲಿ ಕುಳಿತ ಮನುಷ್ಯನ ಸುದ್ದಿಯನ್ನು ಒಬ್ಬರೂ ಎತ್ತುವುದಿಲ್ಲ.

ಅಮೆರಿಕದಲ್ಲಿ ಆಘಾತದಿಂದ ನರಳುವವರ ಮೇಲೆ, ಅಂದರೆ ಪಿಟಿಎಸ್‌ಡಿ ಇರುವವರ ಮೇಲೆ, ನಡೆದ ಎಂಡಿಎಂಎ ಎಂಬ ಇನ್ನೊಂದು ಮಾದಕವಸ್ತುವಿನ ಪ್ರಯೋಗಗಳನ್ನು ನೋಡಿ. ಪತ್ರಿಕೆಗಳಲ್ಲಿ ಬಂದದ್ದು ‘ಮೂರು ಡೋಸಿನಲ್ಲಿ ಗುಣ’ ಎಂದು. ನಿಜವಾಗಿ ನಡೆದದ್ದು ಏನು? ಔಷಧ ಕೊಡುವ ಮೊದಲು ತಲಾ ಒಂದೂವರೆ ಗಂಟೆಯ ಮೂರು ಭೇಟಿಗಳು. ಔಷಧ ಕೊಟ್ಟ ದಿನ ಸುಮಾರು ಎಂಟು ಗಂಟೆ, ಒಬ್ಬರಲ್ಲ, ಇಬ್ಬರು ಚಿಕಿತ್ಸಕರು ರೋಗಿಯ ಪಕ್ಕದಲ್ಲಿ. ಅಂಥ ದಿನಗಳು ಮೂರು. ಆಮೇಲೆ ಹೊರಬಂದದ್ದನ್ನೆಲ್ಲ ಕೂಡಿಸಿಕೊಳ್ಳಲು ಮತ್ತೆ ಒಂಬತ್ತು ಭೇಟಿಗಳು. ಲೆಕ್ಕ ಹಾಕಿ, 40 ಗಂಟೆ ದಾಟುತ್ತದೆ. ನಮ್ಮ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಐದು ನಿಮಿಷ ಸಿಕ್ಕಿದರೆ ಆ ದಿನ ಜನ ಕಡಿಮೆ ಎಂದು ಅರ್ಥ.

ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ಹಂಚಿಕೊಳ್ಳುವುದಿಲ್ಲ. 2023ರಲ್ಲಿ ಪ್ರಕಟವಾದ ಎರಡನೆಯ ದೊಡ್ಡ ಪ್ರಯೋಗದಲ್ಲಿ 104 ಮಂದಿ ಇದ್ದರು. ಎಂಡಿಎಂಎ ಪಡೆದವರಲ್ಲಿ ಶೇಕಡ 71ರಷ್ಟು ಜನರಲ್ಲಿ ಕೊನೆಗೆ ಪಿಟಿಎಸ್‌ಡಿ ಎಂದು ಕರೆಯುವಷ್ಟು ಲಕ್ಷಣಗಳು ಉಳಿದಿರಲಿಲ್ಲ. ಇದನ್ನು ಎಲ್ಲರೂ ಕುಣಿಸಿದರು. ಔಷಧವಿಲ್ಲದ ಸುಳ್ಳು ಗುಳಿಗೆ ನುಂಗಿ, ಅದೇ ಕೋಣೆಯಲ್ಲಿ, ಅದೇ ಇಬ್ಬರ ನಡುವೆ, ಅಷ್ಟೇ ಹೊತ್ತು ಕಳೆದವರಲ್ಲಿ ಆ ಪ್ರಮಾಣ ಎಷ್ಟು ಗೊತ್ತೇ? ಶೇಕಡ 48ರ ಹತ್ತಿರ. ವರ್ಷಾನುಗಟ್ಟಲೆ ನರಳಿದವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಔಷಧವೇ ಇಲ್ಲದೆ ಅಷ್ಟು ಚೇತರಿಸಿಕೊಂಡರು! ನನ್ನ ಪ್ರಕಾರ ಆ ವರ್ಷದ ದೊಡ್ಡ ಸುದ್ದಿ ಇದೇ. ಆದರೆ ಮನುಷ್ಯರ ಗಂಟೆಗಳಿಗೆ ಪೇಟೆಂಟ್ ಸಿಗುವುದಿಲ್ಲವಲ್ಲ.

‘71ಕ್ಕೂ 48ಕ್ಕೂ ನಡುವಿನ ಅಂತರ ಔಷಧದ್ದಲ್ಲವೇ’ ಎಂದು ಅಕ್ಕನ ಮಗ ಕೇಳುತ್ತಾನೆ, ಅವನು ಇಂಜಿನಿಯರ್. ಇರಬಹುದು, ಅಲ್ಲಗಳೆಯುವುದಿಲ್ಲ. ಆದರೆ ತನಗೆ ಸಿಕ್ಕಿದ್ದು ಯಾವ ಗುಳಿಗೆ ಎಂದು ಊಹಿಸಲು ಅಲ್ಲಿ ಹೆಚ್ಚಿನವರಿಗೆ ಕಷ್ಟವಾಗಲಿಲ್ಲ. ಮನಸ್ಸು ತೆರೆದುಕೊಂಡವನಿಗೆ ಗುಣವಾಗುವ ಭರವಸೆ, ಏನೂ ಆಗದವನಿಗೆ ನಿರಾಸೆ. ಅಂತರದಲ್ಲಿ ಭರವಸೆಯ ಪಾಲೆಷ್ಟು, ರಸಾಯನದ ಪಾಲೆಷ್ಟು? 2024ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿಯನ್ನು ಕಾಡಿದ ಪ್ರಶ್ನೆಗಳಲ್ಲಿ ಇದೂ ಒಂದು. ಪರಿಣಾಮ ಸಾಬೀತಾಗಿಲ್ಲ ಎಂದು ಒಂಬತ್ತು ಮಂದಿ, ಆಗಿದೆ ಎಂದು ಇಬ್ಬರು ಮತ ಹಾಕಿದರು. ಆಗಸ್ಟ್‌ನಲ್ಲಿ ಸಂಸ್ಥೆ ಅನುಮತಿ ನಿರಾಕರಿಸಿ, ಇನ್ನೊಂದು ಪ್ರಯೋಗ ಮಾಡಿ ಬನ್ನಿ ಎಂದಿತು. ತಮಾಷೆ ಏನೆಂದರೆ, ಆ ಸಂಸ್ಥೆಗೆ ಗುಳಿಗೆಯನ್ನು ಅಳೆಯುವ ಅಧಿಕಾರವಿದೆ, ಪಕ್ಕದಲ್ಲಿ ಕುಳಿತವರ ಚಿಕಿತ್ಸೆಯನ್ನು ನಿಯಂತ್ರಿಸುವ ಅಧಿಕಾರವಿಲ್ಲ. ಅಲ್ಲಿಯೂ ಅದೇ ಕಥೆ.

ಪಕ್ಕದಲ್ಲಿ ಕುಳಿತವರು ಎಂದರೆ ಎಲ್ಲರೂ ದೇವತೆಗಳು ಎಂದೂ ನಾನು ಹೇಳುತ್ತಿಲ್ಲ. ಎಂಡಿಎಂಎ ಭಯವನ್ನು ತಗ್ಗಿಸುತ್ತದೆ, ಎದುರಿಗಿರುವವರ ಮೇಲೆ ನಂಬಿಕೆ ಹೆಚ್ಚಿಸುತ್ತದೆ. ಮುಟ್ಟಲಾರದ ನೆನಪನ್ನು ಮುಟ್ಟಲು ಸಾಧ್ಯವಾಗುವುದು ಅದರಿಂದಲೇ. ಅಪಾಯವೂ ಅದರಿಂದಲೇ. ಕೆನಡಾದಲ್ಲಿ ಇದಕ್ಕೂ ಹಿಂದಿನ ಹಂತದ ಪ್ರಯೋಗವೊಂದರಲ್ಲಿ ಚಿಕಿತ್ಸಕ ಜೋಡಿಯೊಂದು ಔಷಧದ ಪ್ರಭಾವದಲ್ಲಿದ್ದ ಮಹಿಳೆಯ ಜೊತೆ ಹೇಗೆ ನಡೆದುಕೊಂಡಿತು ಎಂಬುದರ ವಿಡಿಯೊ ಆಮೇಲೆ ಹೊರಬಂತು. ಮೈಮೇಲೆ ಬಿದ್ದು ಅಪ್ಪಿ ಹಿಡಿದ ಆ ದೃಶ್ಯಗಳನ್ನು ನಾನು ಪೂರ್ತಿ ನೋಡಲಾರದೆ ಮೊಬೈಲನ್ನು ಕವುಚಿ ಇಟ್ಟೆ. ಆ ಕೇಂದ್ರದಲ್ಲಿ ನಡೆದದ್ದು ಅನೈತಿಕ ಎಂಬ ಕಾರಣಕ್ಕೆ 2024ರಲ್ಲಿ ವೈದ್ಯಕೀಯ ನಿಯತಕಾಲಿಕವೊಂದು ಮೂರು ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಕ್ಯಾಮೆರಾ ಇದ್ದ ಕೋಣೆಯಲ್ಲಿಯೇ ಹೀಗೆ. ಇನ್ನು ನೆಟ್‌ವರ್ಕ್ ಸಿಗದ ಹೋಂಸ್ಟೇ!

‘ಪ್ರಾಚೀನ’ ಎನ್ನುವವರಿಗೆ ಮರಿಯಾ ಸಬೀನಾ ಗೊತ್ತೇ? ಮೆಕ್ಸಿಕೋದ ಓಹಾಕಾ ಪ್ರಾಂತ್ಯದ ಬೆಟ್ಟದೂರು ವಾವುತ್ಲಾದ ಮಸಾಟೆಕ್ ಸಮುದಾಯದವಳು. ಅಣಬೆ ತಿಂದು, ರೋಗಿಯ ಜೊತೆ ರಾತ್ರಿಯಿಡೀ ಕತ್ತಲಲ್ಲಿ ಕುಳಿತು ಹಾಡುವುದು ಅವಳ ಚಿಕಿತ್ಸೆಯ ರೀತಿ. 1955ರಲ್ಲಿ ಅಮೆರಿಕದ ಬ್ಯಾಂಕರ್ ಗಾರ್ಡನ್ ವ್ಯಾಸನ್ ಅವಳ ಜಾಗರಣೆಯಲ್ಲಿ ಪಾಲ್ಗೊಂಡ, 1957ರಲ್ಲಿ ‘ಲೈಫ್’ ಪತ್ರಿಕೆಗೆ ಬರೆದ. ಮರುವರ್ಷ ಸ್ವಿಟ್ಜರ್ಲೆಂಡ್‌ನಲ್ಲಿ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಅಣಬೆಯಿಂದ ಸೈಲೋಸಿಬಿನ್ ಬೇರ್ಪಡಿಸಿದ. 1962ರಲ್ಲಿ ಅದರ ಗುಳಿಗೆ ಹಿಡಿದುಕೊಂಡು ಅವಳ ಮನೆಗೇ ಹೋದ. ಅಣಬೆಯ ಶಕ್ತಿ ಇದರಲ್ಲಿಯೂ ಇದೆ ಎಂದು ಅವಳು ಒಪ್ಪಿಕೊಂಡಳಂತೆ. ಅಲ್ಲಿಗೆ ಗುಳಿಗೆ ಜಗತ್ತು ಸುತ್ತಿತು. ಅವಳ ಪಾಲಿಗೆ ಬಂದದ್ದು ಮಜಾ ಹುಡುಕುವ ಪ್ರವಾಸಿಗರ ದಂಡು, ಪೊಲೀಸರು, ಸುಟ್ಟುಹೋದ ಮನೆ. 1985ರಲ್ಲಿ ಬಡವಳಾಗಿಯೇ ಸತ್ತಳು. ಅಣಬೆಯನ್ನು ಕೊಂಡೊಯ್ದರು, ಜಾಗರಣೆ ಕುಳಿತವಳನ್ನು ಬಿಟ್ಟುಹೋದರು.

ಇಷ್ಟೊಂದು ಸಿಟ್ಟು ಏಕೆ ಎಂದರೆ, ಹೇಳಿಯೇ ಬಿಡುತ್ತೇನೆ, ಇದು ಅರ್ಧ ಹೊಟ್ಟೆಕಿಚ್ಚು. ಯಜಮಾನರು ತೀರಿಕೊಂಡ ಮೇಲೆ ನಾನೂ ಖಿನ್ನತೆಯ ಗುಳಿಗೆ ನುಂಗಿದವಳು. ನನ್ನನ್ನು ನೋಡುತ್ತಿದ್ದ ವೈದ್ಯರು ಒಳ್ಳೆಯವರೇ, ಗುಳಿಗೆಯೂ ಕೆಲಸ ಮಾಡಿತು. ಆದರೆ ಹೇಳಬೇಕಾದ ಮಾತು ಗಂಟಲಿಗೆ ಬರುವ ಹೊತ್ತಿಗೆ ಮುಂದಿನ ಚೀಟಿಯ ಹೆಸರು ಕೂಗಿಯಾಗಿರುತ್ತಿತ್ತು. ಆ ಪ್ರಯೋಗದ ವಿವರ ಓದುವಾಗ ನನಗೆ ಔಷಧದ ಮೇಲೆ ಆಸೆಯಾಗಲಿಲ್ಲ, ಆ ಎಂಟು ಗಂಟೆಗಳ ಮೇಲೆ ಆಯಿತು.

ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅಧಿಕೃತ ಮನೋವೈದ್ಯರಿಗೆ ಪಿಟಿಎಸ್‌ಡಿಗೆ ಎಂಡಿಎಂಎ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸೈಲೋಸಿಬಿನ್ ಕೊಡಲು ಅವಕಾಶ ಕೊಟ್ಟಿದೆ. ಒಬ್ಬರಿಗೆ 20,000 ಡಾಲರಿಗೂ ಹೆಚ್ಚು ಖರ್ಚು ಎಂದು ಅಲ್ಲಿಯ ವರದಿಗಳು. ಆ ಹಣದ ದೊಡ್ಡ ಪಾಲು ಗುಳಿಗೆಯದ್ದಲ್ಲ, ಕುಳಿತವರ ಸಮಯದ್ದು. ನಮ್ಮಲ್ಲಿ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆ ಇರುವ ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿಗೆ ಯಾವ ಚಿಕಿತ್ಸೆಯೂ ತಲುಪುತ್ತಿಲ್ಲ. ಅವರಿಗೆ ಅಣಬೆ ಸಿಗುತ್ತಿಲ್ಲವೆಂದು ಯಾರೂ ಅಳಬೇಕಾಗಿಲ್ಲ, ಆಪ್ತಸಮಾಲೋಚಕರೇ ಸಿಗುತ್ತಿಲ್ಲ.

ಅಕ್ಕನ ಮಗನಿಗೆ ಉತ್ತರ: ಹೋಗಬೇಡ. ನಿನ್ನ ಗೆಳೆಯರಲ್ಲಿ ಬೈಪೋಲಾರ್‌ಗೆ ಕೊಡುವ ಲಿಥಿಯಂ ಸೇವಿಸುವವರು ಇದ್ದರೆ ಅವರಿಗೆ ಇಂದೇ ಫೋನ್ ಮಾಡಿ ತಡೆ. ಅದರ ಜೊತೆ ಅಣಬೆ ತಿಂದವರಿಗೆ ಫಿಟ್ಸ್ ಬಂದ ವರದಿಗಳಿವೆ. ಮಾತನಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಸಂಖ್ಯೆ 14416, ಕನ್ನಡದಲ್ಲಿಯೂ ಮಾತನಾಡುತ್ತಾರೆ, ಹಣ ಕೇಳುವುದಿಲ್ಲ. ಅದೂ ಬೇಡವಾದರೆ ಶನಿವಾರ ನಮ್ಮ ಮನೆಗೆ ಬಾ, ಮೊಬೈಲನ್ನು ನಿಮ್ಮ ಮನೆಯಲ್ಲೇ ಬಿಟ್ಟು ಬಾ.