ನನಗೆ 'ರ‍್ಯಾಮ್' ಇಷ್ಟ, ವಿಮರ್ಶಕರು ಏನೇ ಹೇಳಿರಲಿ

ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್ ಒಡೆದ ಮೇಲೆ ಅದರ ನಾಲ್ವರು ಮಾಡಿದ ಆಲ್ಬಂಗಳಲ್ಲಿ ಲೆನನ್‌ನ 'ಇಮ್ಯಾಜಿನ್' ಇಷ್ಟ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಾನು 'ರ‍್ಯಾಮ್' ಎನ್ನುತ್ತೇನೆ. 1971ರ ಮೇ ತಿಂಗಳಲ್ಲಿ ಬಂದದ್ದು, ಆ ನಾಲ್ವರಲ್ಲಿ ಒಬ್ಬನಾದ ಪಾಲ್ ಮತ್ತು ಅವನ ಹೆಂಡತಿ ಲಿಂಡಾ ಮೆಕಾರ್ಟ್ನಿ ಇಬ್ಬರ ಹೆಸರೂ ಇರುವ ಏಕೈಕ ಆಲ್ಬಂ. ಹೆಸರಿನ ಅರ್ಥ ಟಗರು; ಮುಖಪುಟದಲ್ಲಿ ಪಾಲ್ ಒಂದು ಟಗರಿನ ಕೊಂಬು ಹಿಡಿದುಕೊಂಡಿದ್ದಾನೆ.

ವಿಮರ್ಶಕರು ಇದಕ್ಕೆ ಎತ್ತಿದ ಮಂಗಳಾರತಿ ಸಾಮಾನ್ಯದ್ದಲ್ಲ. ಅರವತ್ತರ ದಶಕದ ರಾಕ್ ಕೊಳೆಯುತ್ತ ಬಂದು ಮುಟ್ಟಿದ ಪಾತಾಳ ಇದು ಎಂಬರ್ಥದಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಜಾನ್ ಲ್ಯಾಂಡೌ ಬರೆದರು. ಇದರಲ್ಲಿ ಒಂದು ಟ್ಯೂನ್ ಕೂಡ ಇಲ್ಲ ಎಂದು ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೊ ಸಹ ಹೇಳಿಬಿಟ್ಟ. ಟ್ಯೂನ್ ಕಟ್ಟುವುದಕ್ಕೇ ಹೆಸರಾದ ಮೆಕಾರ್ಟ್ನಿಯ ಮೇಲೆ ಬೇರೆ ಯಾವ ಆರೋಪ ಹೊರಿಸಿದರೂ ವಾದಿಸಬಹುದು, ಇದಕ್ಕೆ ನಗುವುದಷ್ಟೇ ಉಳಿದಿರುವುದು.

ಅವರೆಲ್ಲ ಹಾಡು ಕೇಳಲಿಲ್ಲ, ಕೋರ್ಟ್ ಕಲಾಪ ಕೇಳಿದರು ಎಂಬುದು ನನ್ನ ಅನುಮಾನ. 1970ರ ಡಿಸೆಂಬರ್ 31ರಂದು ಪಾಲ್ ಉಳಿದ ಮೂವರ ವಿರುದ್ಧ ಲಂಡನ್ ಹೈಕೋರ್ಟಿನಲ್ಲಿ ದಾವೆ ಹೂಡಿದ್ದ. ಮನೆ ಒಡೆದವನೆಂಬ ಹಣೆಪಟ್ಟಿ ಅವನಿಗೆ ಆಗಲೇ ಅಂಟಿತ್ತು. 'ಟೂ ಮೆನಿ ಪೀಪಲ್' ಹಾಡಿನಲ್ಲಿ ಅವನು ಲೆನನ್‌ನನ್ನು ಸಣ್ಣಗೆ ಚುಚ್ಚಿದ್ದೂ ನಿಜ. ಲೆನನ್ 'ಹೌ ಡು ಯು ಸ್ಲೀಪ್?' ಎಂಬ ಹಾಡಿನಲ್ಲಿ ಬಡ್ಡಿ ಸಮೇತ ತೀರಿಸಿದ; ಸಾಲದ್ದಕ್ಕೆ ಆ ಟಗರಿನ ಮುಖಪುಟವನ್ನು ಅಣಕಿಸಿ ಹಂದಿಯ ಕಿವಿ ಹಿಡಿದು ಫೋಟೊ ತೆಗೆಸಿಕೊಂಡು 'ಇಮ್ಯಾಜಿನ್' ಜೊತೆಗೆ ಹಂಚಿದ. ಇಂಥ ದಾಯಾದಿ ಕಲಹದ ನಡುವೆ ಉಕುಲೇಲೆ (ಪುಟ್ಟ ಗಿಟಾರಿನಂಥ ವಾದ್ಯ) ಮೀಟುತ್ತ 'ರ‍್ಯಾಮ್ ಆನ್' ಎಂದು ಗುನುಗಿದರೆ ಯಾರಿಗೆ ರುಚಿಸೀತು?

ಲಿಂಡಾಳ ದನಿಯನ್ನಂತೂ ಎಲ್ಲರೂ ಗೇಲಿ ಮಾಡಿದರು. ಹಾಡುಗಳ ಹಕ್ಕು ಹೊಂದಿದ್ದ ಕಂಪನಿ, ಆಕೆ ಹಾಡು ಕಟ್ಟಬಲ್ಲಳೆಂಬುದನ್ನೇ ನಂಬದೆ ಕೋರ್ಟಿಗೆ ಹೋಯಿತು. ನನ್ನ ಕಿವಿಗೆ ಈ ಆಲ್ಬಂನ ಜೀವವೇ ಆ ದನಿ. ತರಬೇತಿಯಿಲ್ಲದ, ಸ್ವಲ್ಪ ಚಪ್ಪಟೆಯಾದ ಅದು ಪಾಲ್‌ನ ನಯವಾದ ಕಂಠಕ್ಕೆ ತಾಗಿದಾಗ ಹಾಡಿಗೆ ಒಂದು ಒರಟು ಅಂಚು ಬರುತ್ತದೆ. ಪಳಗಿದ ಗಾಯಕಿಯರು ಬಂದಿದ್ದರೆ ಅದೆಲ್ಲ ಉಜ್ಜಿಹೋಗುತ್ತಿತ್ತು.

'ಅಂಕಲ್ ಆಲ್ಬರ್ಟ್/ಅಡ್ಮಿರಲ್ ಹಾಲ್ಸಿ' ಕೇಳಿ. ಮಳೆ, ಗುಡುಗು, ಟೆಲಿಫೋನಿನ ಗೊಣಗು, ಬೀಟಲ್ಸ್ ಆಲ್ಬಂಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್ ಹೊಂದಿಸಿದ ವಾದ್ಯವೃಂದ. ಒಂದಕ್ಕೊಂದು ಸಂಬಂಧವಿಲ್ಲದ ತುಂಡುಗಳು ಐದೇ ನಿಮಿಷದಲ್ಲಿ ಬೆಸೆದುಕೊಳ್ಳುತ್ತವೆ. ಅಮೆರಿಕದ ಜನ ಅದನ್ನು ಮೊದಲ ಸ್ಥಾನಕ್ಕೇರಿಸಿದರು. 'ಮಂಕ್‌ಬೆರಿ ಮೂನ್ ಡಿಲೈಟ್'ನಲ್ಲಿ ಪಾಲ್ ಅರ್ಥವಿಲ್ಲದ ಸಾಲುಗಳನ್ನು ಗಂಟಲು ಹರಿಯುವಂತೆ ಕಿರುಚುತ್ತಾನೆ. ಅರ್ಥ ಬೇಕಾದವರು ಬೇರೆ ಕಡೆ ಹೋಗಬಹುದು. 'ಸ್ಮೈಲ್ ಅವೇ' ಮಾತ್ರ ನನಗೂ ಬೇಡ, ದಾಟಿಸಿಬಿಡುತ್ತೇನೆ.

2020ರಲ್ಲಿ ಅದೇ 'ರೋಲಿಂಗ್ ಸ್ಟೋನ್' ತನ್ನ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಇದಕ್ಕೆ 450ನೇ ಸ್ಥಾನ ಕೊಟ್ಟಿತು. ಈಗ ಇದನ್ನು, ದೊಡ್ಡ ಕಂಪನಿಗಳ ಹಂಗಿಲ್ಲದ ಇಂಡೀ ಪಾಪ್‌ನ ಮೂಲಪುರುಷ ಎಂದು ಹೊಗಳುವವರೂ ಹುಟ್ಟಿಕೊಂಡಿದ್ದಾರೆ. ಬೈದವರಿಗಿಂತ ಇವರ ಮೇಲೆಯೇ ನನಗೆ ಸಿಟ್ಟು ಜಾಸ್ತಿ: ಮುಂದೆ ಯಾರೋ ಇದರ ಹಾದಿ ಹಿಡಿದರು ಎಂಬ ಕಾರಣಕ್ಕೇ ಇದು ಚೆನ್ನಾಗಿರಬೇಕೇ? ಹೊಸದಾಗಿ ಕೇಳುವವರು ಹೆಡ್‌ಫೋನ್ ಹಾಕಿಕೊಂಡು 'ಡಿಯರ್ ಬಾಯ್'ನಿಂದ ಶುರು ಮಾಡಿ. ಎರಡು ನಿಮಿಷ ಚಿಲ್ಲರೆಯ ಹಾಡು. ಗಂಡ ಹೆಂಡತಿ ಪದರಪದರವಾಗಿ ಪೇರಿಸಿದ ದನಿಗಳಲ್ಲಿ ಯಾವುದು ಯಾರದು ಎಂದು ಬಿಡಿಸಲು ನನಗೆ ಇನ್ನೂ ಆಗಿಲ್ಲ.